ಮಾರುತಿ ಗುಡಿಯಿಂದ ಗೆರೆಯವರೆಗೆ

ನನ್ನ ಕೆಲಸ ಹನ್ನೆರಡು ಸೆಕೆಂಡಿನದು. ಅದಕ್ಕೂ ಮೊದಲಿನ ಮೂರು ತಾಸು ಬೇರೆಯವರ ಬೆನ್ನಿಗೆ ಮರೆಯಾಗಿ ಸೈಕಲ್ ತುಳಿಯಬೇಕು, ಅಷ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕ್ರೀಡಾ ವಸತಿನಿಲಯಕ್ಕೆ ಹೊಸದಾಗಿ ಸೇರಿದ ನಾಲ್ಕು ಹುಡುಗಿಯರು ಹೋದ ತಿಂಗಳು ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಕುಳಿತ ಕೂಡಲೇ ಒಬ್ಬಳು ಕೇಳಿದಳು, "ಅಕ್ಕಾರ, ರೇಸಿಗೆ ಹೋಗೂ ಮುಂದ ಎಷ್ಟು ತತ್ತಿ ತಿಂತಿದ್ರಿ?"

"ತತ್ತಿ ತಿನ್ನಂಗಿಲ್ಲವಾ ನಾವು. ರೊಟ್ಟಿ, ಶೇಂಗಾ ಚಟ್ನಿ" ಎಂದೆ. ಅವಳ ಮುಖ ಬಾಡಿತು. ಬರೆದುಕೊಳ್ಳಲು ತೆಗೆದಿದ್ದ ನೋಟ್‌ಬುಕ್ಕನ್ನು ಮುಚ್ಚಿ ಇಟ್ಟಳು. ಅವಲಕ್ಕಿ ತಿಂದು, ಪದಕಗಳನ್ನು ನೋಡಿ, ಫೋಟೋ ತೆಗೆಸಿಕೊಂಡು ಹೋದರು. ಅವರು ಹೋದ ಮೇಲೆ ಅನ್ನಿಸಿತು: ಕೇಳಬೇಕಾದದ್ದನ್ನು ಅವರು ಕೇಳಲಿಲ್ಲ, ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಈಗ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಒಂದು ತಾಸು ಯಾರೂ ನನ್ನನ್ನು ಕರೆಯುವುದಿಲ್ಲ. ದೇವರು ಕೊಟ್ಟ ಆ ಒಂದು ತಾಸಿನಲ್ಲಿ ಇದನ್ನು ಬರೆಯುತ್ತಿದ್ದೇನೆ.

ರಸ್ತೆ ಸೈಕಲ್ ರೇಸಿನಲ್ಲಿ ದೊಡ್ಡ ಶತ್ರು ಗಾಳಿ. ಮುಂದಿದ್ದವಳು ಗಾಳಿಯನ್ನು ಎದೆಗೆ ತೆಗೆದುಕೊಳ್ಳುತ್ತಾಳೆ, ಹಿಂದಿದ್ದವಳು ಆರಾಮಾಗಿ ಬರುತ್ತಾಳೆ. ನನ್ನಂಥ ಸ್ಪ್ರಿಂಟ್ ಹೊಡೆಯುವವಳನ್ನು ತಂಡದವರು ಮೂರು ತಾಸು ಹೀಗೆ ಮರೆಯಲ್ಲಿ ಇಟ್ಟುಕೊಂಡು ತರುತ್ತಾರೆ. ಕೊನೆಗೆ ಒಬ್ಬಳು ಉಳಿಯುತ್ತಾಳೆ. ಅವಳು ತನ್ನ ಜೀವವನ್ನೆಲ್ಲ ಸುಟ್ಟುಕೊಂಡು ಇನ್ನೂರು ಮೀಟರ್ ಉಳಿದಿರುವಲ್ಲಿಗೆ ನನ್ನನ್ನು ಮುಟ್ಟಿಸಿ ಬಾಜುಕ್ಕೆ ಸರಿಯುತ್ತಾಳೆ. ಅಲ್ಲಿಂದ ಗೆರೆಯವರೆಗೆ ನನ್ನ ಹನ್ನೆರಡು ಸೆಕೆಂಡು. ಈ ಕೊನೆಯವಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರಿದೆ. ನಮ್ಮ ವಸತಿನಿಲಯದಲ್ಲಿ 'ಗಾಳಿ ಒಡಿಯಾಕಿ' ಎನ್ನುತ್ತಿದ್ದೆವು. ಅವಳು ಹತ್ತನೆಯವಳಾಗಿಯೋ ಹನ್ನೆರಡನೆಯವಳಾಗಿಯೋ ಗೆರೆ ದಾಟುತ್ತಾಳೆ. ಅವಳ ಫೋಟೋ ಯಾರೂ ತೆಗೆಯುವುದಿಲ್ಲ.

ನಮ್ಮ ಅವ್ವ ಖಾನಾಪುರದಲ್ಲಿ ನನ್ನ ಮೊದಲ ರೇಸು ನೋಡಲು ಬಂದಿದ್ದಳು. ನಾನು ಗೆದ್ದೆ. ಅವ್ವ ನನ್ನ ಬೆನ್ನು ತಟ್ಟಲಿಲ್ಲ. "ನಾಕು ಮಂದಿ ಹುಡುಗ್ಯಾರು ಕುಂತು ಅಡಿಗಿ ಮಾಡಿದ್ರು, ನೀ ಕಡೀಕ ಬಂದು ಒಗ್ಗರಣಿ ಹಾಕಿ ಹೆಸರ ತಗೊಂಡಿ" ಎಂದಳು. ಮುಂದೆ ದೊಡ್ಡ ದೊಡ್ಡ ತರಬೇತುದಾರರು ಬೋರ್ಡಿನ ಮೇಲೆ ಬಾಣ ಬರೆದು ಬರೆದು ಹೇಳಿದ್ದೂ ಇಷ್ಟೇ.

ಗಾಳಿಯ ಮರೆ ಹಿಡಿಯುವುದನ್ನು ನಾನು ಕಲಿತದ್ದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ. ನಮ್ಮೂರು ಪಾರಿಶ್ವಾಡ. ಅಪ್ಪನಿಗೆ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ನನ್ನದು. ಕಾಕಾನ ಸೈಕಲ್ಲು ನನಗಿಂತ ಎತ್ತರ. ಕಬ್ಬು ತುಂಬಿದ ಟ್ರಾಲಿ ಸಿಕ್ಕರೆ ಅದರ ಬೆನ್ನಿಗೆ ಅಂಟಿಕೊಂಡು ಹೋಗುತ್ತಿದ್ದೆ. ಗಾಳಿ ತಾಗುತ್ತಿರಲಿಲ್ಲ, ಜೊತೆಗೆ ಒಂದು ಗಳ ಕಬ್ಬು. ಒಂದು ದಿನ ಹಿಂದಿನಿಂದ ಮೋಟರ್ ಸೈಕಲ್ಲಿನ ಮೇಲೆ ಬಿಳಿ ಟೊಪ್ಪಿಗೆಯವರೊಬ್ಬರು ಬಂದು ನನ್ನನ್ನು ನಿಲ್ಲಿಸಿದರು. ಟ್ರ್ಯಾಕ್ಟರಿನ ಧಣಿಯೇ ಇರಬೇಕೆಂದು ಕಬ್ಬನ್ನು ಬೆನ್ನ ಹಿಂದೆ ಮುಚ್ಚಿಟ್ಟೆ.

"ಕಬ್ಬು ಕದ್ದದ್ದು ಇರಲಿ" ಎಂದರು ಅವರು. "ಆ ಟ್ರಾಲಿ ಹಿಂದ ಗೇಣು ಅಂತರದಾಗ ಹೊಂಟಿದ್ದೀಯಲ್ಲ, ಬ್ರೇಕ್ ಹಾಕಿದ್ರ ಏನ್ ಮಾಡ್ತಿದ್ದಿ?"

"ಬಾಜೂನಿಂದ ಹಣಿಕಿ ಡ್ರೈವರನ ಹೆಗಲ ನೋಡ್ತಿರ್ತೀನಿರಿ. ಬ್ರೇಕ್ ಹಾಕೂ ಮುಂದ ಬಲಗಡೆ ಹೆಗಲ ಇಳೀತೈತಿ."

ಅವರು ಬೆಳಗಾವಿಯ ಸೈಕಲ್ ಕೋಚ್ ಹಿರೇಮಠ ಸರ್. ಬೀಗರ ಮನೆಗೆ ಊಟಕ್ಕೆ ಹೊರಟಿದ್ದವರು ಊಟ ಬಿಟ್ಟು ನಮ್ಮ ಹೊಲಕ್ಕೆ ಬಂದು ಅಪ್ಪನೊಡನೆ ಮಾತಾಡಿದರು. ಅಪ್ಪ ಅವರಿಗೆ ನಾನು ಒಯ್ದ ಬುತ್ತಿಯಲ್ಲೇ ಅರ್ಧ ರೊಟ್ಟಿ ಕೊಟ್ಟ. ಆ ಜೂನ್‌ನಲ್ಲಿ ನಾನು ವಸತಿನಿಲಯದಲ್ಲಿದ್ದೆ.

ಅಲ್ಲಿ ನನ್ನ ಬಾಜೂ ಮಂಚದವಳು ಶುಭಾಂಗಿ, ಖಾನಾಪುರದ ಪೇಟೆಯವಳು. ಮನೆಮಾತು ಮರಾಠಿ. ಸಿಟ್ಟು ಬಂದರೆ ಮರಾಠಿ, ಹಸಿವಾದರೆ ಕನ್ನಡ. ಯಾವ ಮಾತಾಡಿದರೂ ಕೊನೆಗೆ 'ಗಂ', ಅಂದರೆ ಅವರಲ್ಲಿ 'ಏ ಗೆಳತಿ'. ಅಗಲ ಭುಜ, ಎತ್ತರದ ಆಳು. "ದೇವರು ನಿನ್ನ ಗ್ವಾಡಿ ಮಾಡಿ ಕಳಿಸ್ಯಾನ" ಎಂದು ಸರ್ ಅವಳಿಗೆ ಮೊದಲ ದಿನವೇ ಹೇಳಿದರು. ಗೋಡೆ ಎಂದರೆ ಗಾಳಿ ಒಡೆಯುವವಳು. ಗಿಡ್ಡಗಿದ್ದ ನನ್ನನ್ನು ಅವಳ ಹಿಂದೆ ಹಾಕಿದರು. ಅಲ್ಲಿಂದ ಆರು ವರ್ಷ ನಾನು ನೋಡಿದ್ದು ಶುಭಾಂಗಿಯ ಬೆನ್ನು. ಅವಳ ಅಂಗಿಯ ಎಡ ಜೇಬಿನ ಹೊಲಿಗೆ ಎಲ್ಲಿ ಬಿಚ್ಚಿತ್ತು ಎಂಬುದನ್ನು ಈಗಲೂ ಹೇಳಬಲ್ಲೆ.

ಹಿರೇಮಠ ಸರ್ ಹತ್ತಿರ ಒಂದು ಸೀಟಿ, ಒಂದು ಸ್ಟಾಪ್‌ವಾಚ್ ಬಿಟ್ಟರೆ ಬೇರೆ ಯಂತ್ರವಿರಲಿಲ್ಲ. ನಾವು ಎಷ್ಟು ದಣಿದಿದ್ದೇವೆ ಎಂದು ತಿಳಿಯಲು ಕಾಕತಿ ಕಡೆಯ ಏರಿನಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಹದಿಮೂರರ ಮಗ್ಗಿಯನ್ನು ಸಲೀಸಾಗಿ ಹೇಳಿದರೆ ಮೈಗಳ್ಳತನ ಮಾಡುತ್ತಿದ್ದೇವೆ ಎಂದು ಅರ್ಥ. ಹದಿಮೂರು ನಾಲ್ಕಲೇ ಎನ್ನುವಾಗ ಉಸಿರು ಕಟ್ಟಿದರೆ ಸರಿಯಾಗಿದೆ. ಬಾಯಿಯೇ ಬಿಡದಿದ್ದರೆ ಇಳಿಸಿ ನೀರು ಕುಡಿಸುತ್ತಿದ್ದರು. ಶುಭಾಂಗಿಗೆ ಮಗ್ಗಿಯೇ ಬರುತ್ತಿರಲಿಲ್ಲ. ಅವಳು ಬಾಯಿ ಬಿಡದಿದ್ದಾಗಲೆಲ್ಲ ಸರ್ ಗಾಬರಿಯಾಗಿ ಇಳಿಸುತ್ತಿದ್ದರು. ಒಂದು ವರ್ಷ ಹೀಗೆ ಅವಳು ಬೇಕಾದಾಗಲೆಲ್ಲ ವಿಶ್ರಾಂತಿ ತೆಗೆದುಕೊಂಡಳು.

ನನಗೆ ಸೋಮವಾರ ಉಪವಾಸ. ಒಂದು ಸೋಮವಾರ ಏರಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಸರ್ ಬೈಯುತ್ತಾರೆಂದು ಕಾಯುತ್ತಿದ್ದೆ. "ಶಿವನ ವಾರ ನನಗ ಬದಲಿ ಮಾಡಾಕ ಬರಂಗಿಲ್ಲ. ನಂದು ಮಾಡಬಹುದು" ಎಂದು ಇಡೀ ತಂಡದ ರಜೆಯನ್ನು ರವಿವಾರದಿಂದ ಸೋಮವಾರಕ್ಕೆ ಹಾಕಿದರು. ರವಿವಾರದ ಸಿನೆಮಾ ತಪ್ಪಿದ್ದಕ್ಕೆ ಹನ್ನೊಂದು ಹುಡುಗಿಯರು ನನ್ನನ್ನು ಶಪಿಸಿದರು. ಆದರೂ ನನಗೆ ಸಿಕ್ಕ ದಯೆಗಳನ್ನು ಎಣಿಸುವಾಗ ಇದನ್ನು ಮೊದಲ ಐದರಲ್ಲಿ ಇಡುತ್ತೇನೆ.

ಈಗ ಸಾಂಬ್ರಾ ರಸ್ತೆಯ ಸಂಗತಿ. ಇದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಅದು ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯ ರೇಸು. ವಿಮಾನ ನಿಲ್ದಾಣದ ಕಡೆಯ ನೇರ ರಸ್ತೆಯಲ್ಲಿ ಗೆರೆ. ಆಯ್ಕೆಗಾರರು ಹೇಳಿದ್ದು ಸ್ಪಷ್ಟ: ಗೆದ್ದ ಸ್ಪ್ರಿಂಟರ್ ತನ್ನ ಗಾಳಿ ಒಡೆಯುವವಳನ್ನೂ ಕರೆತರಬಹುದು. ಎರಡನೆಯವಳು ಒಬ್ಬಳೇ ಬರಬೇಕು, ಅದೂ ಹೆಚ್ಚುವರಿಯಾಗಿ. ಅಂದರೆ ಶುಭಾಂಗಿಯ ಶಿಬಿರವಿದ್ದದ್ದು ನನ್ನ ಕಾಲಿನಲ್ಲಿ. ಅವಳೆಷ್ಟೇ ತುಳಿದರೂ ನಾನು ಗೆದ್ದರೆ ಮಾತ್ರ ಅವಳಿಗೆ ಜಾಗ.

ಹಿಂದಿನ ದಿನ ಸರ್ ಆ ರಸ್ತೆಯನ್ನು ಚಪ್ಪಲಿಯಲ್ಲೇ ಅಳೆದರು. ಗೆರೆಯಿಂದ ಹಿಂದಕ್ಕೆ ಇನ್ನೂರ ನಲವತ್ತು ಹೆಜ್ಜೆ ನಡೆದರೆ ಎಡಕ್ಕೆ ಒಂದು ಸಣ್ಣ ಮಾರುತಿ ಗುಡಿ. "ಇದ ಗುರುತು" ಎಂದರು. "ಗುಡಿ ಬಂತಂದ್ರ ಶುಭಾಂಗಿ ಬಾಜುಕ್ಕ ಸರೀತಾಳ; ನೀಲಾ, ನೀ ಹೊರಗ ಬರಬೇಕು. ತಿಳೀತಿಲ್ಲೋ?" ತಿಳಿಯಿತು ಎಂದೆವು.

ಮರುದಿನ ಶುಭಾಂಗಿ ಎಳೆದ ರಭಸವನ್ನು ನಾನು ಆಮೇಲೆ ಬೇರೆ ದೇಶಗಳಲ್ಲೂ ಕಂಡಿಲ್ಲ. ಅವಳ ಹಿಂದೆ ನಾನು, ನನ್ನ ಹಿಂದೆ ವಿಜಯಪುರದ ಹುಡುಗಿ. ಗುಡಿ ಕಂಡಿತು. ಕೇಸರಿ ಬಣ್ಣ, ಬಾಗಿಲಲ್ಲಿ ಗಂಟೆ, ಒಳಗೆ ದೀಪ. ಹಾಲು ಕುಡಿಯುವ ಕೂಸಿದ್ದಾಗಿನಿಂದ ಅವ್ವನ ತೊಡೆಯ ಮೇಲೆ ಬಸ್ಸಿನಲ್ಲಿ ಕುಳಿತು, ದಾರಿಯಲ್ಲಿ ಬಂದ ಪ್ರತಿ ಗುಡಿಗೂ ಎದೆ ಮುಟ್ಟಿ ತುಟಿ ಮುಟ್ಟಿ ನಮಸ್ಕಾರ ಮಾಡಿದವಳು ನಾನು. ನನ್ನ ಬಲಗೈ ನನ್ನನ್ನು ಕೇಳಲಿಲ್ಲ. ಹ್ಯಾಂಡಲ್ ಬಿಟ್ಟು ಎದೆಗೆ ಹೋಯಿತು. ಎದೆಯಿಂದ ತುಟಿಗೆ ಹೋಯಿತು. ಸೈಕಲ್ ಒಮ್ಮೆ ಅಲುಗಿತು. ಕೈ ತಿರುಗಿ ಹ್ಯಾಂಡಲಿಗೆ ಬರುವಷ್ಟರಲ್ಲಿ ಶುಭಾಂಗಿಯ ಹಿಂದಿನ ಗಾಲಿ ಒಂದು ಸೈಕಲಿನಷ್ಟು ದೂರ ಹೋಗಿತ್ತು, ವಿಜಯಪುರದ ಹುಡುಗಿ ನನ್ನನ್ನು ದಾಟಿ ಅಲ್ಲಿ ಸೇರಿಕೊಂಡಿದ್ದಳು. ನಾನು ಸಾಯುವ ಹಾಗೆ ತುಳಿದೆ. ಅರ್ಧ ಗಾಲಿಯಿಂದ ಸೋತೆ.

ಶುಭಾಂಗಿ ಉಸಿರು ಬಿಡುತ್ತ ಬಂದಳು. "ಎಲ್ಲಿ ಹೋಗಿದ್ದಿ ಗಂ? ನಾ ಸರಿದು ನೋಡಿದ್ರ ನನ್ನ ಹಿಂದ ಬ್ಯಾರೆದಾಕಿ ಅದಾಳ."

"ಮಾರುತಿ..." ಎಂದೆ.

ಅವಳು ತಿರುಗಿ ಗುಡಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಮಾರುತಿ ಅಲ್ಲೇ ಇರ್ತಿದ್ದ. ಎಲ್ಲಿಗೂ ಓಡಿ ಹೋಗ್ತಿರಲಿಲ್ಲ. ರೇಸ್ ಮುಗಿಸಿ ಹೋಗಿ ಕಾಯಿ ಒಡೀಬಹುದಿತ್ತು." ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಸರ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ತಪ್ಪು ನಂದು. ಇಂಥಾ ಹುಡುಗಿಗೆ ಗುಡಿ ಗುರುತು ಹೇಳಬಾರದಿತ್ತು. ಲೈಟಿನ ಕಂಬ ಹೇಳಬೇಕಿತ್ತು" ಎಂದರು. ಅಲ್ಲಿಂದ ಮುಂದೆ ಅವರು ಯಾರಿಗೂ ಗುಡಿಯನ್ನು ಗುರುತು ಹೇಳಿಲ್ಲ. ಕಂಬ, ಪಂಕ್ಚರ್ ಅಂಗಡಿ, ಹುಣಸೀಮರ, ಇಷ್ಟೇ. ಹುಣಸೀಮರದ ಬುಡದಲ್ಲಿ ಯಾವುದಾದರೂ ಕಲ್ಲಿಗೆ ಕುಂಕುಮ ಹಚ್ಚಿದ್ದಾರೆಯೇ ಎಂದು ಬಗ್ಗಿ ನೋಡಿ ಆಮೇಲೆ ಹೇಳುತ್ತಿದ್ದರು.

ಅವತ್ತು ಸಂಜೆ ನಾನು ಒಬ್ಬಳೇ ಆ ಗುಡಿಯ ಎದುರು ರಸ್ತೆಯಲ್ಲಿ ನಿಂತೆ. ಒಳಗೆ ಹೋಗಲಿಲ್ಲ. "ಮಾರುತಪ್ಪಾ, ನಿನಗ ಕೈ ಎತ್ತಿದ್ದಕ್ಕ ಅಕಿ ಶಿಬಿರ ಹೋತು. ಅಕಿ ಈ ಗೆರಿ ಎಲ್ಲಾರಿಗಿಂತ ಮೊದಲ ದಾಟೂತನಕ ನಿನಗ ನಾ ಕೈ ಮುಗಿಯಂಗಿಲ್ಲ" ಎಂದು ಹೇಳಿ ಬಂದೆ. ಅವ್ವನಿಗೆ ಮಾತ್ರ ತಿಳಿಸಿದೆ. "ದೇವರ ಕೂಡ ಟೂ ಬಿಡ್ತಾರೇನ ಹುಚ್ಚಿ? ಅವನೂ ನಿನ್ನ ಕೂಡ ಟೂ ಬಿಟ್ರ ಏನ್ ಮಾಡ್ತಿ?" ಎಂದಳು. ಅವನು ಬಿಡಲಿಲ್ಲ. ಅದೂ ಒಂದು ದಯೆಯೇ.

ನಾನು ಶಿಬಿರಕ್ಕೆ ಹೊರಟ ದಿನ ಶುಭಾಂಗಿ ಬಸ್ ಸ್ಟ್ಯಾಂಡಿಗೆ ಬಂದಳು. ಕೈಯಲ್ಲಿ ಶಾಲೆಯ ಹುಡುಗಿಯರು ಜಡೆಗೆ ಕಟ್ಟುವ ಕೆಂಪು ರಿಬ್ಬನ್ನು. "ಮುಂದ ಗುಡಿ ಬಂದ್ರ ಕೈನ ಇದರಿಂದ ಹ್ಯಾಂಡಲಿಗೆ ಬಿಗಿದುಕೋ" ಎಂದಳು. ಅವಳು ಖಾನಾಪುರಕ್ಕೆ ಹಿಂತಿರುಗಿ, ಓದು ಮುಗಿಸಿ, ಅಲ್ಲಿನ ಶಾಲೆಯೊಂದರಲ್ಲಿ ಆಟದ ಟೀಚರಾದಳು. ನಾನು ಆ ರಿಬ್ಬನ್ನನ್ನು ಹ್ಯಾಂಡಲಿಗೆ ಸುತ್ತಿಕೊಂಡು ಬೆಲ್ಜಿಯಂ ತನಕ ಹೋದೆ.

ಹೋಗುವಾಗ ಸಾಂಬ್ರಾದಿಂದಲೇ ವಿಮಾನ. ಟ್ಯಾಕ್ಸಿ ಆ ಗುಡಿಯ ಮುಂದೆ ಹಾಯುವಾಗ ಎರಡೂ ಕೈಗಳ ಮೇಲೆ ಕುಳಿತುಕೊಂಡಿದ್ದೆ. ವರ್ಷಕ್ಕೆರಡು ಸಲದಂತೆ ಏಳು ವರ್ಷ ಹೀಗೇ ಕೈಗಳ ಮೇಲೆ ಕುಳಿತು ಹೋಗಿ ಬಂದೆ.

ಬೆಲ್ಜಿಯಂನ ತಂಡ ಸಣ್ಣದು. ನಡೆಸುವವಳ ಹೆಸರು ಮಾರ್ಥಾ. ಹಿಂದೆ ಕಾರಿನಲ್ಲಿ ಕುಳಿತು ನಮ್ಮೆಲ್ಲರ ಕಿವಿಯಲ್ಲಿರುವ ರೇಡಿಯೋದೊಳಗೆ ಮಾತಾಡುತ್ತಾಳೆ. ಕಾಲು ಎಷ್ಟು ಜೋರು ಹಾಕುತ್ತಿದೆ ಎಂಬುದನ್ನು ತೋರಿಸುವ ಯಂತ್ರ ಪೆಡಲಿನಲ್ಲಿ. ನಮ್ಮ ಸರ್ ಇದನ್ನೆಲ್ಲ ಹದಿಮೂರರ ಮಗ್ಗಿಯಲ್ಲಿ ತಿಳಿಯುತ್ತಿದ್ದರು ಎಂದು ಹೇಳಿದಾಗ ಮಾರ್ಥಾ ನಕ್ಕಳು. ಆದರೆ ಒಂದು ದಿನ ಯಂತ್ರ ಕೆಟ್ಟಾಗ ಎಲ್ಲರಿಗೂ ಮಗ್ಗಿ ಹೇಳಿಸಿದಳು. ಐದು ಭಾಷೆಯಲ್ಲಿ ಮಗ್ಗಿ ಏರು ಹತ್ತಿತು. ಲೆಕ್ಕ ತಪ್ಪಿದವಳು ದಣಿದಿದ್ದಾಳೋ ದಡ್ಡಿಯೋ ಎಂಬುದು ಮಾತ್ರ ಅಲ್ಲಿಯೂ ತಿಳಿಯಲಿಲ್ಲ.

ಅಲ್ಲಿಯ ಊರುಗಳಲ್ಲಿ ಗೆರೆ ಎಳೆಯುವುದು ಊರ ನಡುವೆ, ಊರ ನಡುವೆ ಇರುವುದು ಚರ್ಚು. ದೇವರೆಂದ ಮೇಲೆ ದೇವರೇ, ನನ್ನ ಕೈಗೆ ಆ ಭೇದ ಗೊತ್ತಿಲ್ಲ. ಸಾಂಬ್ರಾದ ಕಥೆಯನ್ನು ಮಾರ್ಥಾಗೆ ಹೇಳಿದ್ದು ಒಳ್ಳೆಯದಾಯಿತು. ತಂಡದ ಬೇರೆ ಹುಡುಗಿಯರಿಗೆ ಅವಳು ಕಿವಿಯಲ್ಲಿ ತಿರುವು, ಗಾಳಿ, ಗುಂಡಿ ಹೇಳುತ್ತಿದ್ದರೆ, ನನಗೆ ಮಾತ್ರ, "ನೀಲಾ, ಮುಂದೆ ಬಲಕ್ಕೆ ಚರ್ಚಿದೆ. ಕೈ" ಎನ್ನುತ್ತಿದ್ದಳು. ಹೊಸದಾಗಿ ಬಂದ ಹುಡುಗಿಯೊಬ್ಬಳು ಇದು ಯಾವುದೋ ಗುಟ್ಟಿನ ಸಂಕೇತವೆಂದು ತಿಳಿದು ಚರ್ಚು ಬಂದ ಕೂಡಲೇ ಜೀವ ಬಿಟ್ಟು ಓಡಿದಳು. ಐವತ್ತು ಕಿಲೋಮೀಟರ್ ಇನ್ನೂ ಬಾಕಿಯಿತ್ತು.

ಒಂದು ಸಲ ಕಲ್ಲುಹಾಸಿನ ರಸ್ತೆಯಲ್ಲಿ ಜಾರಿ ಬಿದ್ದೆ. ಬೆನ್ನ ಜೇಬಿನಲ್ಲಿ ಅವ್ವ ಕಳಿಸಿದ ಶೇಂಗಾ ಚಟ್ನಿಯ ಪೊಟ್ಟಣ ಒಡೆದು ಎಣ್ಣೆ ಕಲಸಿದ ಕೆಂಪು ಬೆನ್ನ ತುಂಬ ಹರಡಿತು. ಓಡಿ ಬಂದ ಡಾಕ್ಟರು ರಕ್ತವೆಂದು ತಿಳಿದು ಅರಿವೆ ಒತ್ತಿದರು, ಬಗ್ಗಿ ನೋಡಿ ಮೂರು ಸಲ ಸೀನಿದರು. ಹಲ್ಲು ಉಳಿದವು, ಎಲುಬು ಉಳಿದವು, ಹೋದದ್ದು ಚಟ್ನಿ ಒಂದೇ. ಅವತ್ತು ರಾತ್ರಿ ಊಟಕ್ಕೆ ಮುಂಚೆ ದೇವರಿಗೆ ಎರಡು ಊದುಬತ್ತಿ ಹಚ್ಚಿದೆ.

ಎಷ್ಟು ಗೆದ್ದೆ ಎಂಬುದನ್ನು ಬರೆಯುವುದಿಲ್ಲ. ಅದು ಅಕ್ಕಿ ಡಬ್ಬಿಯ ಹಿಂದಿನ ಟ್ರಂಕಿನಲ್ಲಿದೆ. ಪ್ರತಿ ಗೆಲುವಿನ ಸಂಜೆ ಶುಭಾಂಗಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅವಳು ರೇಸನ್ನು ಫೋನಿನಲ್ಲಿ ನೋಡಿರುತ್ತಿದ್ದಳು. ನನ್ನ ಬಗ್ಗೆ ಒಂದು ಮಾತೂ ಇಲ್ಲ. "ಆ ಮುಂದಿನ ಹುಡುಗಿ ಛಲೋ ಎಳದಳು. ಅಕಿಗೆ ಚಹಾ ಕುಡಿಸೀಯೋ ಇಲ್ಲೋ?" ಎಂದೇ ಶುರು. ಅವಳೂ ಇತ್ತ ಬೆಳಗಾವಿಯ ರೇಸುಗಳಲ್ಲಿ ತುಳಿಯುತ್ತಿದ್ದಳು. ಬಂದ ಹೊಸ ಹುಡುಗಿಯರಿಗೆಲ್ಲ ಗಾಳಿ ಒಡೆದು ಗೆಲ್ಲಿಸಿದಳು. ಸಾಂಬ್ರಾ ರಸ್ತೆಯಲ್ಲಿ ಎರಡು ಸಲ ತನಗಾಗಿ ಓಡಿ ನೋಡಿ ಮೂರನೆಯವಳೋ ನಾಲ್ಕನೆಯವಳೋ ಆದಳು. ಗೋಡೆಗೆ ಮರೆ ಕೊಡುವವರು ಯಾರು?

ನಾನು ಸಾಕೆಂದು ಊರಿಗೆ ಬಂದ ವರ್ಷ, ಸೈಕಲ್ ಕ್ಲಬ್ಬಿನವರು ನನ್ನ ಕೊನೆಯ ರೇಸನ್ನು ಅದೇ ರಸ್ತೆಯಲ್ಲಿ ಇಟ್ಟರು. ಗೆರೆಯ ಹತ್ತಿರ ಪೆಂಡಾಲು, ಮೈಕು, ನನಗೆಂದು ತಂದ ಮಲ್ಲಿಗೆ ಹಾರ. ಹಿರೇಮಠ ಸರ್ ನಿವೃತ್ತರಾಗಿದ್ದರೂ ಸೀಟಿ ಕೊರಳಲ್ಲಿತ್ತು. ನನಗಂತೂ ಅವತ್ತು ಒಂದೇ ಚಿಂತೆ. ಇದು ತಪ್ಪಿದರೆ ಮಾರುತಿಯ ಮುಂದೆ ಸಾಯುವ ತನಕ ಕೈ ಕಟ್ಟಿಕೊಂಡು ಓಡಾಡಬೇಕು, ಶುಭಾಂಗಿ ಸಾಯುವ ತನಕ ಗೋಡೆಯಾಗಿಯೇ ಇರಬೇಕು.

ಎರಡು ಕಿಲೋಮೀಟರ್ ಉಳಿದಾಗ ಅವಳ ಬಾಜುಕ್ಕೆ ಹೋದೆ. "ಶುಭಾ, ನನ್ನ ಹಿಂದ ಬಾ. ಗುಡಿ ಹತ್ರ ನಾ ಸರೀತೀನಿ, ನೀ ಹೊರಗ ಬಾ."

"ವೇಡಿ ಆಹೇಸ್ ಕಾಯ್? ಹುಚ್ಚು ಹಿಡದೈತೇನ? ಅಲ್ಲಿ ನಿನ್ನ ಹಾರ ತಂದು ಇಟ್ಟಾರ. ಮೈಕಿನ್ಯಾಗ ಆಗಲೇ ನಿನ್ನ ಹೆಸರ ಹೇಳಾಕತ್ತಾರ."

"ಹೇಳಲಿ. ಬಾಯಿ ಅವರದು, ಕಾಲು ನಂದು."

"ನಂಗ ಮೂವತ್ತು ಆತು ಗಂ. ಹಿಂದ ಇಪ್ಪತ್ತು ವರ್ಷದ ಹುಡುಗ್ಯಾರು ಬರಾಕತ್ತಾರ."

"ಮಾರುತಿಗೆ ಎಷ್ಟಾತು ಅಂತ ಕೇಳೀಯೇನು? ಸುಮ್ಮನ ಬಾ."

"ಗುಡಿ ಬಂತಂದ್ರ ನೀ ಮತ್ತ ಕೈ ಬಿಡ್ತಿ."

ರಿಬ್ಬನ್ನು ತೋರಿಸಿದೆ. ಕೆಂಪು ಹೋಗಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ನನ್ನ ಹಿಂದೆ ಅವಳ ಗಾಲಿಯ ಸದ್ದು ಬಂದು ಕೂಡಿಕೊಂಡಿತು.

ಹುಡುಗಿಯರೇ, ಅವತ್ತು ನಾನು ಗಾಳಿಯನ್ನು ನೋಡಿದೆ. ಅಷ್ಟು ವರ್ಷ ಸೈಕಲ್ ತುಳಿದು, ಏಳು ದೇಶದ ರಸ್ತೆ ಕಂಡು, ಗಾಳಿಯೆಂದರೇನು ಎಂದು ನನಗೆ ಗೊತ್ತಿರಲಿಲ್ಲ. ನನ್ನ ಪಾಲಿನದನ್ನೆಲ್ಲ ಮುಂದಿದ್ದವರು ಉಂಡಿದ್ದರು. ಎದೆಯ ಮೇಲೆ ಯಾರೋ ಕೈಯಿಟ್ಟು ಹಿಂದಕ್ಕೆ ನೂಕುವ ಹಾಗೆ, ಕಣ್ಣಲ್ಲಿ ನೀರು, ಬಾಯಲ್ಲಿ ಧೂಳು. ಹದಿಮೂರು ಒಂದಲೇ ಎನ್ನಲೂ ಉಸಿರಿಲ್ಲ. ಇದನ್ನು ಆ ಹುಡುಗಿ ನನಗಾಗಿ ಆರು ವರ್ಷ ಮಾಡಿದ್ದಳು, ಸಂಜೆ ಬಂದು ನನ್ನ ಪಾಲಿನ ಬಟ್ಟೆಯನ್ನೂ ಒಗೆಯುತ್ತಿದ್ದಳು.

ಗುಡಿ ಬಂತು. ಕೈ ಕದಲಲಿಲ್ಲ. ಎಡಕ್ಕೆ ಸರಿದೆ. ನನ್ನ ಬಲಕ್ಕೆ ಶುಭಾಂಗಿ ಹಾದು ಹೋದಳು, ಅವಳ ಹಿಂದೆ ಇಬ್ಬರು ಎಳೆಯ ಹುಡುಗಿಯರು.

ಆ ಹನ್ನೆರಡು ಸೆಕೆಂಡನ್ನು ನಾನು ಹೊರಗಿನಿಂದ ನೋಡಿದ್ದು ಅದೊಂದೇ ಸಲ. ಬಹಳ ಉದ್ದವಾಗಿರುತ್ತವೆ. ನಾನು ಪೆಡಲ್ ನಿಲ್ಲಿಸಿ, ಬ್ರೇಕ್ ಹಿಡಿದು, ರಸ್ತೆಯ ಅಂಚಿನಲ್ಲಿ ಒಂದು ಕಾಲು ಊರಿ ನಿಂತೆ. ಮೈಕಿನವರು "ನೀಲಾ, ನೀಲಾ" ಎನ್ನುತ್ತಿದ್ದವರು ತಡವರಿಸಿದರು. ಆಮೇಲೆ ಯಾರೋ ಕಾಗದ ಮಗುಚಿದ ಸದ್ದು, ಆಮೇಲೆ, "ಶುಭಾಂಗಿ, ಖಾನಾಪುರ."

ದೂರದಲ್ಲಿ ಅವಳ ಎರಡೂ ಕೈ ಮೇಲಿದ್ದವು. ಹೇಗೆ ಎತ್ತಬೇಕೆಂದು ಅವಳಿಗೆ ರೂಢಿಯಿಲ್ಲ. ಬಸ್ಸು ನಿಲ್ಲಿಸುವವಳ ಹಾಗೆ ಎತ್ತಿದ್ದಳು.

ನಾನು ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿ, ಗುಡಿಯ ಮುಂದೆ ತಂದು ನಿಲ್ಲಿಸಿ, ಹೆಲ್ಮೆಟ್ ತೆಗೆದೆ. ಎರಡೂ ಕೈ ಜೋಡಿಸಿ ನಿಂತೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಹಿಂದೆ ಇಡೀ ರೇಸು ನನ್ನನ್ನು ದಾಟಿ ಹೋಯಿತು. ಕಣ್ಣು ತೆರೆದರೆ ಹಿರೇಮಠ ಸರ್ ಗೆರೆಯ ಕಡೆಯಿಂದ ಬಾಯಲ್ಲಿ ಏನೋ ಎಣಿಸುತ್ತ ನಡೆದು ಬರುತ್ತಿದ್ದರು.

"ಇನ್ನೂರ ನಲವತ್ತು" ಎಂದು ನನ್ನ ಮುಂದೆ ನಿಂತರು. "ಹೆಜ್ಜಿ ಇನ್ನೂ ಸರಿ ಅದಾವು." ಆಮೇಲೆ ಗುಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಈ ಸಲ ತಪ್ಪು ನಂದಲ್ಲ ಮತ್ತ" ಎಂದರು. ಟೊಪ್ಪಿಗೆ ತೆಗೆದು ತಾವೂ ಕೈ ಮುಗಿದರು.

ಹರಕೆಯ ವಿಷಯವನ್ನು ಶುಭಾಂಗಿಗೆ ಅವತ್ತೇ ಹೇಳಿದೆ. ಅವಳು ಮಲ್ಲಿಗೆ ಹಾರ ಹಾಕಿಕೊಂಡೇ ಮರಾಠಿಯಲ್ಲಿ ಕಾಲು ಗಂಟೆ ಬೈದಳು. ಹಾರವನ್ನು ಮಾರುತಿಗೆ ಹಾಕಿ ಬಂದಳು.

ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರು ಮೇಲೆ ಇದೆ. ನನ್ನದು ಎಲ್ಲರ ಕೆಳಗೆ, ಎದುರಿಗೆ 'ರೇಸ್ ಪೂರ್ಣಗೊಳಿಸಿಲ್ಲ' ಎಂದು. ನಾನು ಗೆರೆ ದಾಟಲೇ ಇಲ್ಲ, ಅವರು ಬರೆದದ್ದು ಸರಿ. ಈಗ ಕೆಲವು ಶನಿವಾರ ಅವಳು ಖಾನಾಪುರದಿಂದ ಬರುತ್ತಾಳೆ, ಇಬ್ಬರೂ ಆ ಗುಡಿಗೆ ಹೋಗುತ್ತೇವೆ. ಪ್ರಸಾದ ತೆಗೆದುಕೊಂಡು ಕಟ್ಟೆಯ ಮೇಲೆ ಕುಳಿತಾಗ ಅವಳು ರಸ್ತೆಯ ಕಡೆ ಗದ್ದ ಎತ್ತಿ ತೋರಿಸುತ್ತಾಳೆ.

"ಇನ್ನೂರು ಮೀಟರ್ ಬಾಕಿ ಐತಲ್ಲ ನಿಂದು. ನಡಕೊಂಡರ ಹೋಗಿ ದಾಟಿ ಬಾ, ನಾ ಇಲ್ಲೇ ಚಪ್ಪಲಿ ಕಾಯ್ತೀನಿ."

"ಇರಲಿ ಬಿಡ. ಏನ್ ಅವಸರ ಐತಿ" ಎನ್ನುತ್ತೇನೆ.